‘ಎಷ್ಟು?’ ಎಂಬ ಒಂದು ಪ್ರಶ್ನೆ, ಇಂಗ್ಲಿಷಿನ ಎರಡು ದಾರಿ

ಮನೆಯಲ್ಲಿ ಕನ್ನಡ, ನೆರೆಹೊರೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು – ಪುಣೆಯಲ್ಲಿ ನೆಲೆನಿಂತ ಕನ್ನಡ ಕುಟುಂಬಗಳ ಮಕ್ಕಳು ಈ ಮೂರು ಭಾಷೆಗಳ ನಡುವೆ ಬೆಳೆಯುತ್ತಾರೆ. ಇದು ಹೊರೆಯಲ್ಲ, ಸಂಪತ್ತು ಎಂದು ನಾವು ಸಭೆ-ಸಮಾರಂಭಗಳಲ್ಲಿ ಹೇಳಿಕೊಳ್ಳುತ್ತೇವೆ. ಆದರೆ ಮಗುವಿನ ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆಗಳು ಕಂಡೊಡನೆ ನಮ್ಮ ಧೈರ್ಯ ಕುಂದುತ್ತದೆ. ‘ಮನೆಯಲ್ಲಿ ಕನ್ನಡ ಮಾತನಾಡುವುದರಿಂದಲೇ ಹೀಗಾಗುತ್ತಿದೆ’ ಎಂದು ಯಾರೋ ಹಿತವಚನ ಹೇಳುತ್ತಾರೆ. ಅಂದಿನಿಂದ ತಾಯಿ-ತಂದೆಯರು ಮಗುವಿನೊಡನೆ ಇಂಗ್ಲಿಷಿನಲ್ಲಿ ಮಾತನಾಡತೊಡಗುತ್ತಾರೆ. ಅಜ್ಜ-ಅಜ್ಜಿಯರಿಗೆ ಮೊಮ್ಮಕ್ಕಳೊಡನೆ ಆಡಲು ಮಾತೇ ಉಳಿಯುವುದಿಲ್ಲ. ಆ ಕೆಂಪು ಗೆರೆಗಳಲ್ಲಿ ಒಂದು ಬಗೆಯದನ್ನು ಆಯ್ದುಕೊಂಡು, ಅದನ್ನು ತಿದ್ದುವುದಕ್ಕೆ ಕನ್ನಡವೇ ಹೇಗೆ ನೆರವಾಗುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಆ ತಪ್ಪು ಎಲ್ಲರಿಗೂ ಪರಿಚಿತವಾದದ್ದೇ. ‘ಸಾಫ್ಟ್‌ವೇರ್ಸ್’, ‘ಇನ್ಫರ್ಮೇಷನ್ಸ್’, ‘ಎಕ್ವಿಪ್‌ಮೆಂಟ್ಸ್’, ‘ಫರ್ನಿಚರ್ಸ್’ ಎಂದು ‘ಸ್’ ಸೇರಬಾರದ ಕಡೆ ಸೇರಿಸುವುದು. ‘ಫೈವ್ ಫೈಲ್’, ‘ಟೂ ಮೆಸೇಜ್’ ಎಂದು ಸೇರಬೇಕಾದ ಕಡೆ ಬಿಡುವುದು. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧವಾದ ತಪ್ಪುಗಳು. ಆದರೆ ಎರಡರ ಮೂಲವೂ ಒಂದೇ.

ಎಣಿಕೆಯ ಪದ, ಅಳತೆಯ ಪದ

ಇಂಗ್ಲಿಷ್ ಭಾಷೆ ತನ್ನ ನಾಮಪದಗಳನ್ನು ಎರಡು ಗುಂಪುಗಳಾಗಿ ನೋಡುತ್ತದೆ. ಒಂದು, ಎರಡು, ಮೂರು ಎಂದು ಬಿಡಿಬಿಡಿಯಾಗಿ ಎಣಿಸತಕ್ಕವು ಮೊದಲನೆಯ ಗುಂಪು. ಶಾಲೆಯಲ್ಲಿ ಇದನ್ನು ‘ಕೌಂಟಬಲ್’ ಎನ್ನುತ್ತಾರೆ. ಬಿಡಿಯಾಗಿ ಎಣಿಸದೆ ಒಟ್ಟು ರಾಶಿಯಾಗಿ ಅಳೆಯತಕ್ಕವು ಎರಡನೆಯ ಗುಂಪು, ಅದು ‘ಅನ್‌ಕೌಂಟಬಲ್’. ನಾವು ಇವನ್ನು ಎಣಿಕೆಯ ಪದ, ಅಳತೆಯ ಪದ ಎಂದು ಕರೆಯೋಣ. ಕಂಪ್ಯೂಟರ್, ಮೊಬೈಲ್, ಚಾರ್ಜರ್, ಫೈಲ್, ಪಾಸ್‌ವರ್ಡ್, ಮೆಸೇಜ್, ಆಪ್ – ಇವು ಎಣಿಕೆಯ ಪದಗಳು. ಸಾಫ್ಟ್‌ವೇರ್, ಹಾರ್ಡ್‌ವೇರ್, ಇನ್ಫರ್ಮೇಷನ್, ಎಲೆಕ್ಟ್ರಿಸಿಟಿ, ಸ್ಟೋರೇಜ್, ವೈ-ಫೈ – ಇವು ಅಳತೆಯ ಪದಗಳು.

ಈ ಒಂದು ವಿಂಗಡಣೆಯ ಮೇಲೆ ಮೂರು ನಿಯಮಗಳು ನಿಂತಿವೆ. ಮೊದಲನೆಯದು, ಎಣಿಕೆಯ ಪದ ಒಂದಕ್ಕಿಂತ ಹೆಚ್ಚಾದರೆ ಬಹುವಚನದ ರೂಪ ತಾಳಲೇಬೇಕು. ಅಳತೆಯ ಪದ ಎಷ್ಟೇ ಹೆಚ್ಚಿದ್ದರೂ ಏಕವಚನದಲ್ಲಿಯೇ ಇರುತ್ತದೆ, ಅದರ ಕ್ರಿಯಾಪದವೂ ಏಕವಚನದ್ದೇ. ಎರಡನೆಯದು, ಎಣಿಕೆಯ ಪದ ಏಕವಚನದಲ್ಲಿ ಒಂಟಿಯಾಗಿ ನಿಲ್ಲಲಾರದು. ಅದರ ಹಿಂದೆ ‘ಎ’, ‘ದಿ’, ‘ಮೈ’ ಮುಂತಾದ ಒಂದು ಪದ ಇರಲೇಬೇಕು. ಕನ್ನಡದಲ್ಲಿ ‘ಲ್ಯಾಪ್‌ಟಾಪ್ ಕೊಂಡೆ’ ಎಂದರೆ ಸಾಕು; ಇಂಗ್ಲಿಷಿನಲ್ಲಿ ‘ಐ ಬಾಟ್ ಎ ಲ್ಯಾಪ್‌ಟಾಪ್’ ಎನ್ನಬೇಕು. ಅಳತೆಯ ಪದಕ್ಕಾದರೋ ಈ ‘ಎ’ ಹತ್ತುವುದೇ ಇಲ್ಲ. ‘ಎ ಸಾಫ್ಟ್‌ವೇರ್’ ಎಂಬುದು ಆದ್ದರಿಂದಲೇ ತಪ್ಪು. ಮೂರನೆಯದು, ಎಣಿಕೆಯ ಪದಕ್ಕೆ ‘ಹೌ ಮೆನಿ’, ‘ಎ ಫ್ಯೂ’. ಅಳತೆಯ ಪದಕ್ಕೆ ‘ಹೌ ಮಚ್’, ‘ಎ ಲಿಟ್ಲ್’. ‘ಹೌ ಮೆನಿ ಫೈಲ್ಸ್?’ ಆದರೆ ‘ಹೌ ಮಚ್ ಸ್ಟೋರೇಜ್?’ ಅನುಮಾನ ಬಂದಾಗ ‘ಸಮ್’ ಅಥವಾ ‘ಎ ಲಾಟ್ ಆಫ್’ ಎಂದರೆ ಎರಡು ಗುಂಪಿಗೂ ಸಲ್ಲುತ್ತದೆ. ಕಲಿಯುವವರಿಗೆ ಇದು ಸುರಕ್ಷಿತ ಆಶ್ರಯ.

ನಮ್ಮ ನುಡಿಯ ಬಗೆ

ಈಗ ಕನ್ನಡದತ್ತ ತಿರುಗೋಣ. ‘ಎಷ್ಟು ಫೈಲು?’ ‘ಎಷ್ಟು ಹಾಲು?’ – ಎರಡಕ್ಕೂ ನಮ್ಮಲ್ಲಿ ಒಂದೇ ‘ಎಷ್ಟು’. ಮರಾಠಿಯ ‘ಕಿತಿ’ಯೂ ಹೀಗೆಯೇ ಎರಡು ಕೆಲಸಗಳನ್ನೂ ಮಾಡುತ್ತದೆ. ಅಂದಮೇಲೆ ಪುಣೆಯ ಕನ್ನಡ ಮಗು ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ಕೇಳುವ ಅಭ್ಯಾಸವನ್ನೇ ಪಡೆದಿರುವುದಿಲ್ಲ. ಬಹುವಚನದ ವಿಷಯವೂ ಹಾಗೆಯೇ. ಮನುಷ್ಯರಾದರೆ ನಾವು ‘ಇಬ್ಬರು ಹುಡುಗರು’ ಎಂದೇ ಹೇಳಬೇಕು. ವಸ್ತುಗಳಾದರೆ ‘ಹತ್ತು ರೂಪಾಯಿ’, ‘ಐದು ಫೈಲು’, ‘ನಾಲ್ಕು ಮೊಬೈಲು’ ಎಂದರೆ ಸಾಕು. ಹತ್ತು ಎಂದಮೇಲೆ ಒಂದಕ್ಕಿಂತ ಹೆಚ್ಚು ಎಂಬುದು ತಿಳಿದೇ ಇದೆ; ಮತ್ತೆ ‘ಗಳು’ ಏಕೆ ಎಂಬುದು ಕನ್ನಡದ ನಿಲುವು. ‘ಫೈವ್ ಫೈಲ್’ ಎನ್ನುವ ಮಗು ಬುದ್ಧಿಮಾಂದ್ಯದಿಂದ ಹಾಗೆನ್ನುತ್ತಿಲ್ಲ. ಒಂದು ಭಾಷೆಯ ಸರಿಯಾದ ನಿಯಮವನ್ನು ಇನ್ನೊಂದು ಭಾಷೆಗೆ ಒಯ್ಯುತ್ತಿದೆ, ಅಷ್ಟೆ.

ಪ್ರತಿಯೊಂದು ಭಾಷೆಗೂ ತನ್ನದೇ ಆದ ವ್ಯಾಕರಣವಿದೆ, ಅದನ್ನು ಬೇರೊಂದು ಭಾಷೆಯ ಅಳತೆಗೋಲಿನಿಂದ ಅಳೆಯಬಾರದು ಎಂಬುದನ್ನು ನಮ್ಮಲ್ಲಿ ಒತ್ತಿ ಹೇಳಿದವರು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು. ಅವರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದ ಹೆಸರೇ ಅದನ್ನು ಸಾರುತ್ತದೆ. ತುಳು ಭಾಷೆಯನ್ನು ಕುರಿತ ಅವರ ವಿವರಣಾತ್ಮಕ ಅಧ್ಯಯನವನ್ನು 1967ರಲ್ಲಿ ಪ್ರಕಟಿಸಿದ್ದು ನಮ್ಮ ಪುಣೆಯ ಡೆಕ್ಕನ್ ಕಾಲೇಜು ಎಂಬುದು ನಮಗೆ ಸಂತೋಷದ ಸಂಗತಿ.

ಈ ತೊಡಕು ನಮಗೊಬ್ಬರಿಗೇ ಬಂದದ್ದೂ ಅಲ್ಲ. ಜಪಾನೀ ಭಾಷೆಯಲ್ಲಿಯೂ ನಾಮಪದಕ್ಕೆ ಬಹುವಚನದ ರೂಪ ಕಡ್ಡಾಯವಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಅವರು ಇಬ್ಬರು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿ 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾದ ನಿಘಂಟು, ಯಾವ ನಾಮಪದ ಎಣಿಕೆಯದು, ಯಾವುದು ಅಳತೆಯದು ಎಂಬುದನ್ನು ಗುರುತು ಹಾಕಿ ತೋರಿಸಿತು. ಅದೇ ನಿಘಂಟನ್ನು ಆಕ್ಸ್‌ಫರ್ಡ್ ಪ್ರಕಾಶನ 1948ರಲ್ಲಿ ಹೊರತಂದಿತು. ಇಂದಿಗೂ ಕಲಿಯುವವರ ಇಂಗ್ಲಿಷ್ ನಿಘಂಟುಗಳಲ್ಲಿ ನಾಮಪದದ ಪಕ್ಕದಲ್ಲಿ ಎಣಿಕೆಯದಕ್ಕೆ ‘ಸಿ’, ಅಳತೆಯದಕ್ಕೆ ‘ಯು’ ಎಂಬ ಅಕ್ಷರವನ್ನು ಕಾಣಬಹುದು. ಮಗುವಿಗೆ ನಿಘಂಟು ಕೊಡಿಸಿದಾಗ ಈ ಎರಡು ಅಕ್ಷರಗಳನ್ನು ತಪ್ಪದೆ ತೋರಿಸಿಕೊಡಬೇಕು.

‘ಕೆಲವು’ ಮತ್ತು ‘ಸ್ವಲ್ಪ’

ಹಾಗಾದರೆ ಕನ್ನಡಕ್ಕೆ ಈ ಭೇದವೇ ಗೊತ್ತಿಲ್ಲವೇ? ಗೊತ್ತಿದೆ. ‘ಕೆಲವು ಹಾಲು ಕೊಡಿ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ‘ಸ್ವಲ್ಪ ಹಾಲು ಕೊಡಿ’ ಎನ್ನುತ್ತಾನೆ. ‘ಸ್ವಲ್ಪ ಪುಸ್ತಕವಿವೆ’ ಎನ್ನುವುದಿಲ್ಲ. ‘ಕೆಲವು ಪುಸ್ತಕಗಳಿವೆ’ ಎನ್ನುತ್ತಾನೆ. ಅಂದರೆ ‘ಕೆಲವು’, ‘ಹಲವು’ ಎಂಬವು ಎಣಿಕೆಗೆ. ‘ಸ್ವಲ್ಪ’, ‘ತುಸು’ ಎಂಬವು ಅಳತೆಗೆ. ಯಾರೂ ಕಲಿಸದೆ ಮೂರು ವರ್ಷದ ಮಗುವಿಗೂ ಇದು ತಿಳಿದಿರುತ್ತದೆ. ಇದನ್ನೇ ಇಂಗ್ಲಿಷಿಗೆ ಮೆಟ್ಟಿಲಾಗಿ ಬಳಸಬಹುದು. ‘ಕೆಲವು’ ಒಪ್ಪುವ ಕಡೆ ‘ಮೆನಿ’, ‘ಸ್ವಲ್ಪ’ ಒಪ್ಪುವ ಕಡೆ ‘ಮಚ್’. ಕೆಲವು ಮೆಸೇಜು, ಕೆಲವು ಫೋಟೋ, ಕೆಲವು ಪಾಸ್‌ವರ್ಡು. ಸ್ವಲ್ಪ ಕರೆಂಟು, ಸ್ವಲ್ಪ ಸಮಯ, ಸ್ವಲ್ಪ ಜಾಗ. ಬಹುಪಾಲು ಪದಗಳು ಈ ಪರೀಕ್ಷೆಯಲ್ಲಿಯೇ ಬಗೆಹರಿಯುತ್ತವೆ.

ಪರೀಕ್ಷೆ ಕೈಕೊಡುವುದು ಒಂದು ಜಾತಿಯ ಪದಗಳಲ್ಲಿ ಮಾತ್ರ. ಕೆಲವು ಮಾಹಿತಿಗಳು, ಕೆಲವು ಸಲಹೆಗಳು, ಕೆಲವು ಸುದ್ದಿಗಳು, ಕೆಲವು ಉಪಕರಣಗಳು – ಕನ್ನಡದಲ್ಲಿ ಇವೆಲ್ಲ ಸರಿ. ಇಂಗ್ಲಿಷಿನಲ್ಲಿ ‘ಇನ್ಫರ್ಮೇಷನ್’, ‘ಅಡ್ವೈಸ್’, ‘ನ್ಯೂಸ್’, ‘ಎಕ್ವಿಪ್‌ಮೆಂಟ್’ ನಾಲ್ಕೂ ಅಳತೆಯ ಪದಗಳು. ‘ನ್ಯೂಸ್’ ಪದದ ಕೊನೆಯಲ್ಲಿ ‘ಸ್’ ಇದ್ದರೂ ಅದು ಬಹುವಚನವಲ್ಲ. ‘ದಿ ನ್ಯೂಸ್ ಈಸ್ ಗುಡ್’ ಎಂದೇ ಹೇಳಬೇಕು. ನಮ್ಮ ತಪ್ಪುಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲಿಯೇ.

ಬಳಗದ ಹೆಸರು, ಬಿಡಿಯ ಹೆಸರು

ಈ ಜಾತಿಯ ಪದಗಳನ್ನು ನೆನಪಿಡಲು ಬ್ಯಾಂಕಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ನಾವು ದಿನವಿಡೀ ಎಣಿಸುವುದು ಹಣವನ್ನು. ಎಣಿಸಲು ಯಂತ್ರಗಳೂ ಇವೆ. ಆದರೂ ಇಂಗ್ಲಿಷಿನ ವ್ಯಾಕರಣದಲ್ಲಿ ‘ಮನಿ’ ಎಣಿಕೆಯ ಪದವಲ್ಲ! ಯಂತ್ರ ಎಣಿಸುವುದು ನೋಟುಗಳನ್ನು. ‘ನೋಟ್’, ‘ಕಾಯಿನ್’, ‘ರುಪೀ’ ಎಣಿಕೆಯ ಪದಗಳು. ಅವೆಲ್ಲ ಸೇರಿದ ಬಳಗದ ಹೆಸರು ‘ಮನಿ’, ಅದು ಅಳತೆಯ ಪದ. ರವಿವಾರ ಪೇಠೆಯ ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಹೀಗೆಯೇ. ಮೊಳೆ, ಬೋಲ್ಟು, ಬೀಗ ಒಂದೊಂದನ್ನೂ ಎಣಿಸಿ ಕೊಡುತ್ತಾರೆ. ಆದರೆ ಅವೆಲ್ಲದರ ಒಟ್ಟು ಹೆಸರು ‘ಹಾರ್ಡ್‌ವೇರ್’ ಎಣಿಕೆಗೆ ಬಾರದು. ‘ವೇರ್’ ಎಂದರೆ ಸರಕು. ಕಬ್ಬಿಣದ ಸಾಮಾನಿಗೆ ಇದ್ದ ಈ ಹಳೆಯ ಹೆಸರು ಕಂಪ್ಯೂಟರಿನ ಯಂತ್ರಭಾಗಗಳಿಗೂ ಬಂದಿತು. ಅದಕ್ಕೆ ಜೊತೆಯಾಗಿ ‘ಸಾಫ್ಟ್‌ವೇರ್’ ಎಂಬ ಪದವನ್ನು ಅಮೆರಿಕದ ಗಣಿತಜ್ಞ ಜಾನ್ ಟ್ಯೂಕಿ 1958ರಲ್ಲಿ ಒಂದು ಲೇಖನದಲ್ಲಿ ಬಳಸಿದರು. ಹೆಸರಿನೊಡನೆ ಹಳೆಯ ವ್ಯಾಕರಣವೂ ಬಂದಿತು. ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ‘ಪರಮ್ 8000’ ಸೂಪರ್ ಕಂಪ್ಯೂಟರನ್ನು ರೂಪಿಸಿದ ಊರು ನಮ್ಮದು. ಹಿಂಜವಡಿಯ ಕಂಪನಿಗಳಿಗೆ ಮಕ್ಕಳನ್ನು ಕಳುಹಿಸುವ ಮನೆಗಳು ನಮ್ಮವು. ಈ ಎರಡು ಪದಗಳನ್ನಾದರೂ ನಾವು ಸರಿಯಾಗಿ ತಿಳಿದಿರಬೇಡವೇ?

ಮಕ್ಕಳು ಜೋಡಿಯಾಗಿ ಕಲಿಯಬೇಕಾದ ಪದಗಳು ಇಲ್ಲಿವೆ. ಮೊದಲನೆಯದು ಬಳಗದ ಹೆಸರು, ಅದನ್ನು ಎಣಿಸುವಂತಿಲ್ಲ. ಎರಡನೆಯದು ಬಿಡಿಯ ಹೆಸರು, ಅದನ್ನು ಎಣಿಸಬಹುದು.

ಸಾಫ್ಟ್‌ವೇರ್ – ಪ್ರೋಗ್ರಾಮ್, ಆಪ್
ಹಾರ್ಡ್‌ವೇರ್ – ಕೀಬೋರ್ಡ್, ಪ್ರಿಂಟರ್
ಎಕ್ವಿಪ್‌ಮೆಂಟ್ – ಮಷೀನ್, ಡಿವೈಸ್
ಇನ್ಫರ್ಮೇಷನ್ – ಫ್ಯಾಕ್ಟ್, ಡೀಟೇಲ್
ಫರ್ನಿಚರ್ – ಚೇರ್, ಟೇಬಲ್
ಲಗೇಜ್ – ಬ್ಯಾಗ್
ಮನಿ – ನೋಟ್, ಕಾಯಿನ್

ಬಳಗದ ಹೆಸರುಗಳೆಲ್ಲ ಹೀಗೆಯೇ ಎಂದು ಮಾತ್ರ ಭಾವಿಸಬಾರದು. ‘ವೆಹಿಕಲ್’, ‘ಟೂಲ್’ ಎಂಬವು ಬಳಗದ ಹೆಸರುಗಳಾದರೂ ಎಣಿಕೆಯ ಪದಗಳೇ. ಇಲ್ಲಿ ತರ್ಕಕ್ಕಿಂತ ರೂಢಿ ದೊಡ್ಡದು. ಅಕ್ಕಿಯ ಕಾಳು, ಹುರುಳಿಕಾಯಿ ಎರಡೂ ಬಿಡಿಬಿಡಿಯಾಗಿಯೇ ಇವೆ. ಆದರೂ ಇಂಗ್ಲಿಷಿನಲ್ಲಿ ‘ರೈಸ್’ ಅಳತೆಯದು, ‘ಬೀನ್ಸ್’ ಎಣಿಕೆಯದು. ಇಂಗ್ಲಿಷಿಗೆ ‘ಇನ್ಫರ್ಮೇಷನ್’ ಪದವನ್ನು ಕೊಟ್ಟ ಫ್ರೆಂಚ್ ಭಾಷೆಯಲ್ಲಿ ಆ ಪದಕ್ಕೆ ಬಹುವಚನ ಸಲೀಸಾಗಿ ಬರುತ್ತದೆ. ಅಂದಮೇಲೆ ಬಹುವಚನ ಬಳಸಿದ ಕನ್ನಡ ಮಗುವಿನ ಯೋಚನೆಯಲ್ಲಿ ದೋಷವೇನೂ ಇಲ್ಲ. ಇಂಗ್ಲಿಷಿನ ರೂಢಿ ಬೇರೆ, ಅಷ್ಟೆ.

ಅಳತೆಯ ಪದವನ್ನು ಎಣಿಸಬೇಕಾದಾಗ

ಅಜ್ಜಿಯ ಅಡುಗೆಮನೆಯಲ್ಲಿ ಇದಕ್ಕೆ ಉತ್ತರವಿದೆ. ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಅವಲಕ್ಕಿ, ಎರಡು ಪಾವು ಅಕ್ಕಿ, ನಾಲ್ಕು ತೊಟ್ಟು ಎಣ್ಣೆ. ಉಪ್ಪನ್ನು ಎಣಿಸಲಾಗದಿದ್ದರೆ ಚಿಟಿಕೆಯನ್ನು ಎಣಿಸುತ್ತೇವೆ. ಇಂಗ್ಲಿಷ್ ಮಾಡುವುದೂ ಇದನ್ನೇ. ‘ಟೂ ಜಿಬಿ ಆಫ್ ಡೇಟಾ’, ‘ಎ ಪೀಸ್ ಆಫ್ ಸಾಫ್ಟ್‌ವೇರ್’, ‘ತ್ರೀ ಪೀಸಸ್ ಆಫ್ ಎಕ್ವಿಪ್‌ಮೆಂಟ್’, ‘ಎ ಬಿಟ್ ಆಫ್ ಇನ್ಫರ್ಮೇಷನ್’. ಬಹುವಚನದ ‘ಸ್’ ಸೇರುವುದು ಅಳತೆಯ ಪದಕ್ಕಲ್ಲ, ಅದನ್ನು ಅಳೆಯುವ ಮಾನಕ್ಕೆ. ಪಾವು, ಸೇರು, ಬೊಗಸೆ, ಚಿಟಿಕೆ ಎಂಬ ಪದಗಳನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದ ಮಗುವಿಗೆ ‘ಎ ಪೀಸ್ ಆಫ್’ ಎಂಬುದು ಹೊಸ ಕಲ್ಪನೆಯೇ ಅಲ್ಲ.

ಎರಡೂ ಗುಂಪಿಗೆ ಸೇರುವ ಕೆಲವು ಪದಗಳೂ ಇವೆ. ಮೊಬೈಲಿನ ‘ಮೆಮೊರಿ’ ಅಳತೆಯದು. ಬಾಲ್ಯದ ನೆನಪುಗಳು ‘ಮೆಮೊರೀಸ್’ – ಎಣಿಕೆಯದು. ಪ್ರೋಗ್ರಾಮರ್ ಬರೆಯುವ ‘ಕೋಡ್’ ಅಳತೆಯದು. ಅಂಗಡಿಯಲ್ಲಿ ಅಂಟಿಸಿರುವ ಕ್ಯೂಆರ್ ಕೋಡ್ ಮತ್ತು ವಿಳಾಸದ ಪಿನ್ ಕೋಡ್ ಎಣಿಕೆಯವು. ಅಂಚೆಯಲ್ಲಿ ಬರುವ ‘ಮೇಲ್’ ಅಳತೆಯದು; ‘ಇ-ಮೇಲ್’ ಎರಡೂ ಬಗೆಯಲ್ಲಿ ಬಳಕೆಯಲ್ಲಿದೆ, ‘ಟೂ ಇ-ಮೇಲ್ಸ್’ ಎಂದರೆ ತಪ್ಪಿಲ್ಲ. ‘ಡೇಟಾ’ ಲ್ಯಾಟಿನ್ನಿನ ‘ಡೇಟಮ್’ ಪದದ ಬಹುವಚನ. ವಿಜ್ಞಾನದ ಬರಹಗಳಲ್ಲಿ ಅದನ್ನು ಬಹುವಚನವಾಗಿ ಬಳಸುವವರಿದ್ದಾರೆ, ದಿನಬಳಕೆಯಲ್ಲಿ ಅದು ಅಳತೆಯ ಏಕವಚನ. ‘ಡೇಟಾಸ್’ ಎಂಬುದು ಎರಡು ಲೆಕ್ಕದಲ್ಲಿಯೂ ತಪ್ಪು. ಹಿರಿಯರು ಕೊಡುವ ‘ಅಡ್ವೈಸ್’ ಅಳತೆಯದು. ಬ್ಯಾಂಕು ಕಳುಹಿಸುವ ಜಮಾ-ಖರ್ಚಿನ ಸೂಚನಾಪತ್ರವಾದ ‘ಅಡ್ವೈಸ್’ ಮಾತ್ರ ಎಣಿಕೆಯದು, ಅದಕ್ಕೆ ‘ಅಡ್ವೈಸಸ್’ ಎಂಬ ಬಹುವಚನವುಂಟು.

ಮನೆಯಲ್ಲಿ ಮಾಡಬಹುದಾದದ್ದು

ಮೊಬೈಲನ್ನು ಮೇಜಿನ ಮೇಲಿಟ್ಟು ಮಗುವನ್ನು ಕನ್ನಡದಲ್ಲಿಯೇ ಕೇಳಿ: ಇದರಲ್ಲಿ ಕೆಲವು ಏನೇನಿವೆ, ಸ್ವಲ್ಪ ಏನೇನಿದೆ? ಕೆಲವು ಆಪ್, ಕೆಲವು ಫೋಟೋ. ಸ್ವಲ್ಪ ಜಾಗ, ಸ್ವಲ್ಪ ಡೇಟಾ ಎಂಬ ಉತ್ತರ ಬರುತ್ತದೆ. ಅನಂತರ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸಿ. ಬಳಗದ ಹೆಸರುಗಳ ಪಟ್ಟಿಯನ್ನು ವಾರಕ್ಕೆ ಎರಡು ಜೋಡಿಯಂತೆ ಬಾಯಿಪಾಠ ಮಾಡಿಸಿ. ಈ ಆಟಕ್ಕೆ ಇಂಗ್ಲಿಷ್ ಬಾರದ ಅಜ್ಜ-ಅಜ್ಜಿಯರೂ ಗುರುಗಳಾಗಬಲ್ಲರು. ಏಕೆಂದರೆ ಪ್ರಶ್ನೆಯ ಮೊದಲ ಅರ್ಧ ಅವರ ಭಾಷೆಯಲ್ಲಿದೆ.

ಕೊನೆಯದಾಗಿ ಒಂದು ಮಾತು. ಕನ್ನಡದಲ್ಲಿ ಮಾತನಾಡುವಾಗ ‘ಎರಡು ಸಾಫ್ಟ್‌ವೇರ್’, ‘ಹೊಸ ಸಾಫ್ಟ್‌ವೇರ್‌ಗಳು’ ಎಂದರೆ ಅದನ್ನು ತಿದ್ದಲು ಹೋಗಬೇಡಿ. ನಮ್ಮ ಮನೆಗೆ ಬಂದ ಪದ ನಮ್ಮ ವ್ಯಾಕರಣಕ್ಕೆ ಒಳಪಡುತ್ತದೆ. ಅವರ ಮನೆಗೆ ಹೋದಾಗ ಅವರ ರೂಢಿಯನ್ನು ನಾವು ಪಾಲಿಸೋಣ. ಎರಡು ಮನೆಗಳ ರೀತಿ-ನೀತಿಯನ್ನೂ ಬಲ್ಲ ಮಗು ಯಾವ ಮನೆಯಲ್ಲಿಯೂ ತಲೆತಗ್ಗಿಸಬೇಕಾಗಿಲ್ಲ. ಉತ್ತರಪತ್ರಿಕೆಯ ಕೆಂಪು ಗೆರೆಗೆ ಹೆದರಿ ಮನೆಯ ಕನ್ನಡವನ್ನು ನಿಲ್ಲಿಸಬೇಕಾದ ಕಾರಣವಂತೂ ಖಂಡಿತ ಇಲ್ಲ.