ಹೇಳಲಾಗದ ನೋವಿಗೆ ಒಂದು ಹಾಳೆ

"ನಾವು ಹೋದ್ಮೇಲೆ ಇವನನ್ನ ನೋಡೋರು ಯಾರು?" ಬುದ್ಧಿಮಾಂದ್ಯ ಮಕ್ಕಳಿರುವ ಮನೆಗಳಲ್ಲಿ, ಅದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಇರಲಿ, ಶಿವಮೊಗ್ಗದ ಬಡಾವಣೆ ಇರಲಿ, ಈ ಮಾತು ಬಂದೇ ಬರುತ್ತದೆ. ಮಗನಿಗೇ ಕ್ಯಾನ್ಸರ್ ಬಂದರೆ ಎಲ್ಲಿ ನೋಯುತ್ತಿದೆ ಎಂದು ಅವನ ಪರವಾಗಿ ಹೇಳುವವರು ಯಾರು? ಇದನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ನೋವಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ವೈದ್ಯರು ಕೇಳುವ ಪ್ರಶ್ನೆ ಇವರ ಹತ್ತಿರ ನಡೆಯದು. ಇದಕ್ಕೆಂದೇ ಇಂಗ್ಲೆಂಡಿನ ನಾರ್ತಂಬರ್ಲೆಂಡಿನಲ್ಲಿ 'ಡಿಸ್‌ಡ್ಯಾಟ್' ಎಂಬ ನಮೂನೆಯೊಂದು ರೂಪುಗೊಂಡಿತು. ಆ ವ್ಯಕ್ತಿ ನೆಮ್ಮದಿಯಾಗಿದ್ದಾಗ ಮುಖ, ಕಣ್ಣು, ದನಿ, ಕೂರುವ ರೀತಿ ಹೇಗಿರುತ್ತವೆ, ಸಂಕಟದಲ್ಲಿದ್ದಾಗ ಹೇಗೆ ಬದಲಾಗುತ್ತವೆ ಎಂದು ಹತ್ತಿರದವರು ಬರೆದಿಡುತ್ತಾರೆ. ಸಂಕಟಕ್ಕೆ ಎಲ್ಲರಿಗೂ ಹೊಂದುವ ಒಂದೇ ಲಕ್ಷಣ ಇಲ್ಲ ಎಂಬುದೇ ಇದರ ತಳಹದಿ. ಒಬ್ಬ ಹಲ್ಲುನೋವಿಗೆ ತಲೆ ಬಡಿದುಕೊಳ್ಳುತ್ತಾನೆ, ಇನ್ನೊಬ್ಬ ಹೊಟ್ಟೆನೋವಿಗೆ ಮಂಕಾಗಿ ಮೂಲೆ ಸೇರುತ್ತಾನೆ. ದಿನವೂ ತಾನೇ ತಟ್ಟೆ ತಂದು ಕೂರುವವನು ಇವತ್ತು ತಟ್ಟೆ ಮುಟ್ಟದಿದ್ದರೆ ಅದರರ್ಥ ತಾಯಿಗೆ ಗೊತ್ತು, ವಾರ್ಡಿನ ನರ್ಸಿಗೆ ಗೊತ್ತಿಲ್ಲ. ಆ ತಿಳಿವಳಿಕೆ ತಾಯಿಯ ಜೊತೆಗೇ ಹೋಗಿಬಿಡಬಾರದು. ಅದನ್ನು ತಾಯಿಯದೇ ಕನ್ನಡದಲ್ಲಿ ಬರೆಸಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಜೊತೆ ಇಟ್ಟು, ಒಂದು ಪ್ರತಿಯನ್ನು ಆಶಾ ಕಾರ್ಯಕರ್ತೆಗೂ ಕೊಡಬೇಕು.

ಡೌನ್ ಸಿಂಡ್ರೋಮ್ ಇರುವವರಲ್ಲಿ ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆ ಬೇಗ ಕಾಣಿಸಿಕೊಳ್ಳುವುದುಂಟು. ಮನೆಯವರು ಅದನ್ನು ಹಠ ಎಂದುಕೊಳ್ಳುತ್ತಾರೆ. ವೈದ್ಯರೂ ಎಷ್ಟೋ ಸಲ ಎಲ್ಲವನ್ನೂ ಬುದ್ಧಿಮಾಂದ್ಯದ ಲೆಕ್ಕಕ್ಕೇ ಬರೆದುಬಿಡುತ್ತಾರೆ. ಹೀಗೆ ಕಾಯಿಲೆ ಕಣ್ತಪ್ಪಿ ಹೋಗುವುದು ನನ್ನನ್ನು ಬಹಳ ಕಾಡುತ್ತದೆ.

ಕಾಗದಪತ್ರದ ಕೆಲಸವೂ ಇದೆ. ಮಕ್ಕಳಿಗೆ 18 ತುಂಬಿದ ಮೇಲೆ ಹೆತ್ತವರು ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬೇಕು. ಕೊನೆಗಾಲದಲ್ಲಿ ಚಿಕಿತ್ಸೆ ನಿಲ್ಲಿಸುವ ನಿರ್ಧಾರ ಬಂದಾಗಲೂ ಪೋಷಕರ ಮಾತು ಬೇಕಾಗುತ್ತದೆ. ಇಂಥ ಗೌರವಯುತ ಮರಣದ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತು, 2023ರಲ್ಲಿ ಅದರ ವಿಧಾನ ಸರಳಗೊಳಿಸಿತು. ಕರ್ನಾಟಕ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿತು. ಆದರೆ ಮುಂಚಿತವಾಗಿ ಇಚ್ಛಾಪತ್ರ ಬರೆದಿಡುವುದು ಸ್ವಂತ ನಿರ್ಧಾರ ಮಾಡಬಲ್ಲವರಿಗೆ ಮಾತ್ರ ಸಾಧ್ಯ. ಉಳಿದವರಿಗೆ ಹತ್ತಿರದ ಬಂಧು ಅಥವಾ ಪೋಷಕರ ಒಪ್ಪಿಗೆಯೇ ಆಧಾರ.

ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ. ಆದರೆ ಹಾಸಿಗೆ ಬದಲಾದರೂ ದಿಗಿಲಾಗುವವರನ್ನು ಶಿವಮೊಗ್ಗದಿಂದ ಸುಮಾರು ಮುನ್ನೂರು ಕಿಲೋಮೀಟರ್ ದೂರ ಕರೆದೊಯ್ಯುವುದು ಕಷ್ಟ. ಇಲ್ಲೇ ನಮ್ಮ ಮೆಗ್ಗಾನ್ ಆಸ್ಪತ್ರೆಗೆ ಸೇರಿಸಿದರೂ ಮನೆಯವರೊಬ್ಬರು ಪಕ್ಕದಲ್ಲಿ ಇರಲೇಬೇಕು. ಇನ್ನು, ಮನೆಯವರ ಸಾವನ್ನು ಈ ಮಕ್ಕಳಿಂದ ಮುಚ್ಚಿಡುವುದೂ ಸರಿಯಲ್ಲ. "ಅಪ್ಪ ಊರಿಗೆ ಹೋಗಿದಾರೆ" ಎಂದರೆ ಮಗ ಬಾಗಿಲಲ್ಲೇ ಕಾಯುತ್ತಾನೆ. ನಿಜವನ್ನು ಸಣ್ಣಸಣ್ಣ ಮಾತುಗಳಲ್ಲಿ, ಇವತ್ತಿಗೆ ಬೇಕಾದಷ್ಟು ಇವತ್ತು, ನಾಳೆಯದು ನಾಳೆ ಹೇಳಿದರೆ ಅವರೂ ಅರ್ಥ ಮಾಡಿಕೊಳ್ಳುತ್ತಾರೆ, ಅವರೂ ಅಳುತ್ತಾರೆ.