ನಡೆಯುವ ದುಡ್ಡು, ನಡೆಯದ ದುಡ್ಡು

'ದುಡ್ಡೇ ದೊಡ್ಡಪ್ಪ' ಎಂಬ ಗಾದೆ ನಮ್ಮಲ್ಲಿದೆ. ಆ ದೊಡ್ಡಪ್ಪನನ್ನೇ ಅಂಗಡಿಯವರು ಬಾಗಿಲಲ್ಲಿ ತಡೆದರೆ? ಸಾಂಬ್ರಾಣಿಯ ಕೂಲಿ ಹೆಂಗಸೊಬ್ಬಳು ಹಳಿಯಾಳದ ಪೇಟೆಗೆ ಬಂದು, ಎಣ್ಣೆ, ಬೇಳೆ ಕೊಂಡು, ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿಯ ಐದಾರು ನಾಣ್ಯ ಮುಂದಿಟ್ಟಳೆನ್ನಿ. 'ಇದು ನಡೆಯೋದಿಲ್ಲಮ್ಮ' ಎಂದುಬಿಟ್ಟರೆ ಅವಳು ಮಾಡುವುದೇನು?

ಕರ್ನಾಟಕದ ಅನೇಕ ಊರುಗಳಲ್ಲಿ ಈ ಮಾತು ಕೇಳಿಬಂದಿದೆ. 2010ರಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂತು. ಹಳೆಯ ನಾಣ್ಯಗಳಲ್ಲಿ ಅದಿಲ್ಲ, ಹೊಸತರಲ್ಲಿದೆ. ಎರಡು ಬಗೆ ಕಂಡ ಜನ ಒಂದನ್ನು ಖೋಟಾ ಎಂದು ಶಂಕಿಸಿದರು. 14 ವಿನ್ಯಾಸದ ನಾಣ್ಯಗಳೂ ಅಸಲಿಯೇ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಆದರೂ ಅನುಮಾನ ಪೂರ್ತಿ ಅಳಿಯಲಿಲ್ಲ. ನಾಣ್ಯ ಖೋಟಾ ಅಲ್ಲವೆಂದು ಅಂಗಡಿಯವನಿಗೂ ಗೊತ್ತು. ತನ್ನಿಂದ ಮುಂದಿನವರು ತೆಗೆದುಕೊಳ್ಳಲಾರರು ಎಂಬುದೇ ಅವನ ಭಯ. ಹೀಗೆ ಒಬ್ಬರ ಭಯ ಇನ್ನೊಬ್ಬರಿಗೆ ದಾಟುತ್ತದೆ.

ಕಾನೂನು ಏನನ್ನುತ್ತದೆ? 2011ರ ನಾಣ್ಯ ಕಾಯ್ದೆಯಂತೆ ಒಂದು ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ನಾಣ್ಯಗಳಲ್ಲಿ 1000 ರೂಪಾಯಿವರೆಗಿನ ಪಾವತಿ ಸಿಂಧು. ಐವತ್ತು ಪೈಸೆಯಲ್ಲಾದರೆ ಹತ್ತು ರೂಪಾಯಿವರೆಗೆ. ನೋಟುಗಳಿಗೆ 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ ಆಧಾರವಿದೆ. ಆದರೆ ನಾಣ್ಯ ಬೇಡವೆಂದ ವ್ಯಾಪಾರಿಗೆ ಇಂಥ ಶಿಕ್ಷೆ ಎಂದು ನಾಣ್ಯ ಕಾಯ್ದೆಯಲ್ಲಿ ಬರೆದಿಲ್ಲ. ಬ್ಯಾಂಕುಗಳು ನಾಣ್ಯ ನಿರಾಕರಿಸುವಂತಿಲ್ಲ, ನಿಜ. ಆದರೆ ಅರವತ್ತು ರೂಪಾಯಿ ಬದಲಿಸಲು ಒಂದು ದಿನದ ಕೂಲಿ ಬಿಡುವವರು ಯಾರು?

2016ರಲ್ಲಿ ಯುಪಿಐ ಬಂದ ಮೇಲೆ ಪ್ರಶ್ನೆ ಇನ್ನೂ ದೊಡ್ಡದಾಗಿದೆ. ಕೆಲವೆಡೆ ನೋಟು ಕೊಟ್ಟರೂ 'ಚಿಲ್ಲರೆ ಇಲ್ಲ, ಫೋನಿನಲ್ಲಿ ಹಾಕಿ' ಎನ್ನುತ್ತಾರೆ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯಿತು: ತೆರಿಗೆ ನೋಟಿಸಿಗೆ ಹೆದರಿದ ಸಣ್ಣ ವ್ಯಾಪಾರಿಗಳು 'ನಗದು ಮಾತ್ರ' ಎಂದು ಚೀಟಿ ಅಂಟಿಸಿದರು. ಆಗ ಫೋನಿದ್ದವರು ಎಟಿಎಂ ಹುಡುಕಿದರು, ಅಷ್ಟೆ. ಫೋನಿಲ್ಲದವರಿಗೆ, ಬಳಸಲು ಬಾರದವರಿಗೆ, ಕಾಡಂಚಿನಲ್ಲಿ ಸಿಗ್ನಲ್ ಸಿಗದವರಿಗೆ ಅಂಥ ಎರಡನೆಯ ದಾರಿಯಿಲ್ಲ.

ಬೇರೆ ಕಡೆ ಇದಕ್ಕೆ ಕಾನೂನಿನ ಕಾವಲಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಚಿಲ್ಲರೆ ಅಂಗಡಿಗಳು ನಗದು ಒಪ್ಪಲೇಬೇಕೆಂಬ ನಿಯಮ 1978ರಿಂದಲೇ ಇದೆ. ನ್ಯೂಯಾರ್ಕ್ ನಗರವೂ 2020ರಲ್ಲಿ ಅಂಥದೇ ಕಾನೂನು ತಂದಿತು.

ನಮ್ಮ ನೋಟುಗಳ ಮೇಲೆ ಬೆಲೆ ಕನ್ನಡದಲ್ಲೂ ಅಚ್ಚಾಗಿರುತ್ತದೆ. ಓದು ಬಾರದವರೂ ಬಣ್ಣ, ಗಾತ್ರ ನೋಡಿ ಅದನ್ನು ಗುರುತಿಸುತ್ತಾರೆ. ದುಡ್ಡು 'ನಡೆಯುತ್ತದೆ' ಎನ್ನುವುದು ಕನ್ನಡದ ಮಾತು. ಆದರೆ ದುಡ್ಡಿಗೆ ಸ್ವಂತ ಕಾಲಿಲ್ಲ. ಕೊಡುವ ಕೈಯೂ ತೆಗೆದುಕೊಳ್ಳುವ ಕೈಯೂ ಸೇರಿದರಷ್ಟೇ ಅದು ನಡೆದೀತು.