ಕಲೆಯೊಂದು, ಗೆರೆ ನೂರು

ಅಂಗಿಯ ಮೇಲೊಂದು ಕಂದು ಕಲೆ. ಪತ್ತೇದಾರಿ ಧಾರಾವಾಹಿಯಲ್ಲಾದರೆ ಅದನ್ನು ಯಂತ್ರದಡಿ ಇಟ್ಟ ಮರುಕ್ಷಣವೇ ಪರದೆಯ ಮೇಲೆ ‘ರಕ್ತ’ ಎಂದು ಮೂಡುತ್ತದೆ. ಪ್ರಯೋಗಾಲಯದಲ್ಲಿ ಮೂಡುವುದು ರೋಹಿತ ಎಂಬ ಏರಿಳಿತದ ಗೆರೆ, ಅದರಲ್ಲೂ ಬಹುಪಾಲು ಬಟ್ಟೆಯದ್ದೇ.

ಇನ್‌ಫ್ರಾರೆಡ್ ಬೆಳಕು ಬಿದ್ದಾಗ ಅಣುಬಂಧಗಳು ತಮತಮಗೆ ಒಗ್ಗುವ ತರಂಗಗಳನ್ನು ಹೀರಿಕೊಳ್ಳುತ್ತವೆ. ಸೆಂಟಿಮೀಟರಿಗೆ ಸುಮಾರು 1650 ಮತ್ತು 1540 ಅಲೆಗಳಿರುವ ಕಡೆ ರಕ್ತದ ಪ್ರೋಟೀನುಗಳು ಎರಡು ಶಿಖರ ಎಬ್ಬಿಸುತ್ತವೆ. ಅವನ್ನು ಅಳೆದರಾಯಿತಲ್ಲ? ಆಗದು. ಹತ್ತಿ ಹೀರಿಕೊಂಡ ತೇವವೂ 1640ರ ಹತ್ತಿರವೇ ಕಾಣಿಸಿಕೊಳ್ಳುತ್ತದೆ. ನೈಲಾನಿನದು ಇನ್ನೂ ಪಜೀತಿ: ಪ್ರೋಟೀನಿನಲ್ಲಿರುವ ಅಮೈಡ್ ಬಂಧ ಅದರಲ್ಲೂ ಇರುವುದರಿಂದ, ಒಂದು ಹನಿ ರಕ್ತ ಸೋಕದಿದ್ದರೂ ಅಂಥದ್ದೇ ಜೋಡಿ ಶಿಖರ. ರೇಷ್ಮೆ ಸೀರೆ, ಉಣ್ಣೆ ಶಾಲುಗಳಂತೂ ಪ್ರೋಟೀನಿನವೇ.

ಆದ್ದರಿಂದಲೇ ಗೆರೆಯನ್ನು ಮೊದಲು ಹಸನು ಮಾಡಬೇಕು. ಹಾಗೆಂದೊಡನೆ ‘ಸಾಕ್ಷ್ಯ ತಿದ್ದಿದರು’ ಎನ್ನುವವರಿದ್ದಾರೆ. ತಪ್ಪು. ನೇಯ್ಗೆಯ ಉಬ್ಬುತಗ್ಗಿನಿಂದ ಇಡೀ ಗೆರೆಯೇ ಮೇಲೆ ಕೆಳಗೆ ಜಾರುತ್ತದೆ. ಒಂದೇ ಬಟ್ಟೆಯನ್ನು ಎರಡು ಸಲ ಒತ್ತಿ ಅಳೆದರೂ ಎತ್ತರ ಬೇರೆ ಬರಬಹುದು. ಎತ್ತರದ ಬದಲು ಇಳಿಜಾರನ್ನು ಲೆಕ್ಕ ಹಾಕಿದರೆ ಈ ಜಾರುವಿಕೆ ಬಹುಮಟ್ಟಿಗೆ ಕಳಚಿಕೊಳ್ಳುತ್ತದೆ. ಅಬ್ರಹಾಂ ಸಾವಿಟ್ಸ್‌ಕಿ ಮತ್ತು ಮಾರ್ಸೆಲ್ ಗೊಲೆ 1964ರಲ್ಲಿ ಪ್ರಕಟಿಸಿದ ವಿಧಾನ ಗೆರೆಯನ್ನು ನುಣುಪಾಗಿಸುತ್ತಲೇ ಇಳಿಜಾರನ್ನೂ ಕೊಡುತ್ತದೆ. ಇಂದಿಗೂ ಅದೇ ಚಾಲ್ತಿಯಲ್ಲಿದೆ. ಮೂಲ ಅಳತೆ ಹಾಗೇ ಉಳಿದು, ಮಾಡಿದ ಲೆಕ್ಕವೆಲ್ಲ ದಾಖಲಾಗಿದ್ದರೆ ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು.

ಇದಕ್ಕೆ ತದ್ವಿರುದ್ಧದ ಭ್ರಮೆಯೇ ಹೆಚ್ಚು ಅಪಾಯದ್ದು: ಉಜ್ಜಿದಷ್ಟೂ ಹೊಳಪು ಎಂಬುದು. ಅತಿಯಾಗಿ ನುಣುಪು ಮಾಡಿದರೆ ಸಣ್ಣ ಶಿಖರಗಳು ಸವೆದುಹೋಗುತ್ತವೆ. ಇಳಿಜಾರಿನ ಇಳಿಜಾರು ತೆಗೆಯಹೋದರೆ ಗದ್ದಲವೇ, ಅಂದರೆ ಅಳತೆಯಲ್ಲಿ ನುಸುಳುವ ಅರ್ಥವಿಲ್ಲದ ಏರುಪೇರೇ, ಉಬ್ಬಿಕೊಳ್ಳುತ್ತದೆ. ಎಲ್ಲ ಗೆರೆಗಳನ್ನೂ ಒಂದೇ ಅಳತೆಗೆ ತರುವಾಗ ಇನ್ನೂ ದೊಡ್ಡ ಕುತ್ತು. ರಕ್ತದ ಶಿಖರವನ್ನೇ ಅಳತೆಗೋಲು ಮಾಡಿಕೊಂಡರೆ ಹೆಚ್ಚು ರಕ್ತವೂ ಕಡಿಮೆ ರಕ್ತವೂ ಒಂದೇ ಎತ್ತರ! ಅಳೆಯಹೊರಟದ್ದೇ ಮಾಯ. ಹತ್ತಿಯಾದರೆ 1030ರ ಸುತ್ತಲಿನ ಸೆಲ್ಯುಲೋಸ್ ಶಿಖರಕ್ಕೆ ಹೋಲಿಸುವುದು ವಾಸಿ. ಕಲೆ ದಪ್ಪಗಟ್ಟಿ ನೂಲನ್ನು ಮುಚ್ಚಿದ್ದರೆ ಅದೂ ಕೈಕೊಡುತ್ತದೆ. ಏಕೆಂದರೆ ಬಟ್ಟೆಯನ್ನು ವಜ್ರದ ಹರಳಿಗೆ ಒತ್ತಿ ಅಳೆಯುವಾಗ ಬೆಳಕು ಒಳಗೆ ಇಳಿಯುವುದು ಒಂದೆರಡು ಮೈಕ್ರೋಮೀಟರ್ ಮಾತ್ರ, ನೂಲಿನವರೆಗೆ ತಲುಪುವುದೇ ಇಲ್ಲ.

ರಕ್ತ ಯಾರದ್ದೆಂದು ಈ ಗೆರೆ ಹೇಳುವುದಿಲ್ಲ, ಎಷ್ಟೇ ಹಸನು ಮಾಡಿದರೂ. ಅದಕ್ಕೆ ಡಿಎನ್‌ಎ ಪರೀಕ್ಷೆಯೇ ಆಗಬೇಕು. ಕಲೆಯ ಮೇಲೆ ರಾಸಾಯನಿಕ ಸಿಂಪಡಿಸದೆ ಅಳೆದಿರುವುದರಿಂದ ಆ ಪರೀಕ್ಷೆಗೆ ಬೇಕಾದ ರಕ್ತ ಬಟ್ಟೆಯಲ್ಲೇ ಉಳಿದಿರುತ್ತದೆ.